ಸೊಪ್ಪಿನ ಎರಡನೆಯ ಅರ್ಥ

ಜನವರಿ 11

ಅಕ್ಕಾ,

ನಾವು 'ಸೊ'ಗೆ ಬಂದಿದ್ದೇವೆ. ಹನ್ನೆರಡು ವರ್ಷದ ಹಿಂದೆ ನಾನು ಈ ನಿಘಂಟು ಕಚೇರಿಗೆ ಸೇರಿದಾಗ 'ಪ' ನಡೆಯುತ್ತಿತ್ತು. ನಿವೃತ್ತನಾಗುವ ಹೊತ್ತಿಗೆ 'ಳ' ಮುಗಿದರೆ ನನ್ನ ಪುಣ್ಯ.

ಈ ತಿಂಗಳು ನನ್ನ ಮೇಜಿಗೆ ಬಂದಿರುವ ಪದ 'ಸೊಪ್ಪು'. ನಗಬೇಡ. ಮೊದಲನೆಯ ಅರ್ಥ ಸುಲಭ: ಅಡುಗೆಗೆ ಬಳಸುವ ಎಲೆ. ತೊಂದರೆ ಇರುವುದು ಎರಡನೆಯದರಲ್ಲಿ: ಕಡಿದ ಅಥವಾ ಕಿತ್ತ ಯಾವುದೇ ಹಸಿರೆಲೆ, ತಿನ್ನುವಂಥದ್ದಾಗಲಿ, ಅಲ್ಲದ್ದಾಗಲಿ. ಈ ಅರ್ಥಕ್ಕೆ ನಮ್ಮ ಡ್ರಾಯರಿನಲ್ಲಿ ಏಳು ಚೀಟಿಗಳಿವೆ. ಏಳೂ ಹಳೆಯ ಪುಸ್ತಕಗಳವು. ಕೊನೆಯದಕ್ಕೂ ಎಪ್ಪತ್ತು ವರ್ಷ ದಾಟಿದೆ. ಹೊಗೆಸೊಪ್ಪಿನ ಮಾತೆತ್ತಿದೆ. "ಅದು ಬೇರೆ ಪದ, 'ಹೊ' ಬಂದಾಗ ನೋಡೋಣ" ಎಂದರು ಸಂಪಾದಕರು. "ಬದುಕಿರೋ ಒಬ್ಬರ ಬಾಯಿಂದ ಬಂದ ಒಂದು ವಾಕ್ಯ ತನ್ನಿ. ಇಲ್ಲದಿದ್ದರೆ ಎರಡನೆಯ ಅರ್ಥ ತೆಗೆದುಬಿಡೋಣ. ಸತ್ತವರಿಗೆಲ್ಲ ಜಾಗ ಕೊಡೋಕೆ ಇದೇನು ಸ್ಮಶಾನವೇನ್ರೀ?"

ನನಗೆ ಗೊತ್ತಿರುವವರಲ್ಲಿ ದಿನವೂ ಸೊಪ್ಪು ಮುಟ್ಟುವವಳು ನೀನೊಬ್ಬಳೇ. ನಿಮ್ಮ ಅಡುಗೆಮನೆಯಲ್ಲಿ ಆ ಪದವನ್ನು ಯಾರು ಹೇಗೆ ಬಳಸುತ್ತಾರೆ, ಕೇಳಿದ್ದನ್ನು ಕೇಳಿದ ಹಾಗೆಯೇ ಬರೆದು ಕಳಿಸು. ತಿದ್ದಬೇಡ. ಸೊಪ್ಪು ತರಕಾರಿಯೊಳಗೆ ಸೇರುತ್ತದೆಯೋ ಇಲ್ಲವೋ ಎನ್ನುವುದೂ ಬೇಕು.

ಇನ್ನೊಂದು. 'ಸೊಪ್ಪು ಹಾಕು' ಎಂದರೆ ಒಬ್ಬರ ಮಾತಿಗೆ ಬೆಲೆ ಕೊಡು ಎಂದು ಅರ್ಥ ಯಾಕೆ ಬಂತು? ನನ್ನ ಬಳಿ ಹತ್ತೊಂಬತ್ತು ಚೀಟಿಗಳಿವೆ. ಹತ್ತೊಂಬತ್ತರಲ್ಲೂ 'ಸೊಪ್ಪು ಹಾಕಲಿಲ್ಲ', 'ಸೊಪ್ಪು ಹಾಕುವುದಿಲ್ಲ'. ಯಾರಾದರೂ ಯಾರಿಗಾದರೂ ಸೊಪ್ಪು ಹಾಕಿದ ಒಂದೇ ಒಂದು ಉದಾಹರಣೆಯೂ ಇಲ್ಲ. ನಿನಗೆ ಸಿಕ್ಕಿದರೆ ಕಳಿಸು.

ಬೆನ್ನುನೋವು ಹೇಗಿದೆ? ಪಾತ್ರೆ ಎತ್ತುವಾಗ ಯಾರನ್ನಾದರೂ ಕರೆ.

ತಮ್ಮ

*

ಜನವರಿ 19

ತಮ್ಮಾ,

ಇಪ್ಪತ್ತು ವರ್ಷದಿಂದ ಸೊಪ್ಪು ಬೇಯಿಸ್ತಿದ್ದೀನಿ, ಅದಕ್ಕೊಂದು ಅರ್ಥ ಬೇರೆ ಇದೆ ಅಂತ ನಿನ್ನ ಕಾಗದ ಬಂದ ಮೇಲೇ ಗೊತ್ತಾಗಿದ್ದು. ಇದಕ್ಕೆ ನಿನಗೆ ಸಂಬಳ ಕೊಡ್ತಾರಾ?

ಮೊದಲು ತರಕಾರಿ ವಿಷಯ. ತರಕಾರಿಯವನನ್ನ "ತರಕಾರಿ ಏನಿದೆಯಪ್ಪಾ" ಅಂತ ಕೇಳು. ಬದನೆ, ಬೀನ್ಸು, ಕೋಸು ಅಂತ ಹೇಳ್ತಾ ಹೋಗ್ತಾನೆ. ಸೊಪ್ಪು ಹೇಳಲ್ಲ. "ಸೊಪ್ಪಿಲ್ವಾ?" ಅಂದ್ರೆ "ಸೊಪ್ಪು ಕೇಳಲೇ ಇಲ್ವಲ್ಲ ನೀವು" ಅಂತ ನನ್ನನ್ನೇ ಬೈತಾನೆ. ಆದ್ರೆ ಇಲ್ಲಿ ಡಾಕ್ಟರು ಬಂದು "ಎಲ್ಲರೂ ತರಕಾರಿ ಜಾಸ್ತಿ ತಿನ್ನಬೇಕು" ಅಂದಾಗ ಸೊಪ್ಪೂ ಅದರಲ್ಲಿ ಸೇರಿರುತ್ತೆ. ಅಂದ್ರೆ ಅಂಗಡಿಯಲ್ಲಿ ಸೇರಲ್ಲ, ಆಸ್ಪತ್ರೆಯಲ್ಲಿ ಸೇರುತ್ತೆ. ಬರ್ಕೋ.

ನಮ್ಮ ನಿವಾಸದಲ್ಲಿ ಈಗ ಐವತ್ತೆಂಟು ಜನ. ಒಬ್ಬರಿಗೂ ಕಣ್ಣಿಲ್ಲ, ಬಾಯಿ ಮಾತ್ರ ಎಲ್ಲರಿಗೂ ಎರಡೆರಡು. ಬೆಳಿಗ್ಗೆ ಹಿಂದಿನ ಜಗಲಿಯಲ್ಲಿ ಐದು ಜನ ಹೆಂಗಸರು ಸೊಪ್ಪು ಸೋಸೋಕೆ ಕೂತ್ಕೋತಾರೆ. ಅವರಿಗೆಲ್ಲ ದೊಡ್ಡವಳು ಬೆರಳಜ್ಜಿ. ಎಲೆಯ ಅಂಚು ಮುಟ್ಟಿ ಇದು ಯಾವ ಸೊಪ್ಪು, ಇವತ್ತು ಕಿತ್ತಿದ್ದಾ ನಿನ್ನೆಯದಾ ಅಂತ ಹೇಳ್ತಾಳೆ. ಒಂದು ಸಲ ಬೇಕಂತಲೇ ಕಟ್ಟಿನೊಳಗೆ ನಾಲ್ಕು ಎಳೆ ಹುಲ್ಲು ಸೇರಿಸಿಟ್ಟೆ. "ಏನಮ್ಮಾ, ಇವತ್ತು ಮೇಕೆಗಳಿಗೂ ಇಲ್ಲೇ ಊಟನಾ?" ಅಂದಳು. ಜಗಲಿ ಪೂರ್ತಿ ನಕ್ಕಿದ್ದೇ ನಕ್ಕಿದ್ದು. ಇಲ್ಲಿ ಬೇರೆ ಎಲ್ಲರನ್ನೂ ಯಾರೋ ಒಬ್ಬರು ಕೈ ಹಿಡಿದು ನಡೆಸಬೇಕು. ಅಜ್ಜಿ ಮಾತ್ರ "ನನ್ನ ಕೈಯೇ ನನ್ನನ್ನ ಹಿಡ್ಕೊಂಡು ಹೋಗುತ್ತೆ" ಅಂತಾಳೆ.

ನಿನ್ನ ಎರಡನೇ ಅರ್ಥ ಸತ್ತಿಲ್ಲ. ನಮ್ಮ ಮಾಲಿಯ ಬಾಯಲ್ಲಿ ಗಟ್ಟಿಮುಟ್ಟಾಗಿದೆ. ಅವನಿಗೆ ಬೇಲಿ ಕತ್ತರಿಸಿದ್ದೂ ಸೊಪ್ಪೇ, ಗೊಬ್ಬರದ ಗುಂಡಿಗೆ ಹಾಕೋದೂ ಸೊಪ್ಪೇ. "ದಾರಿಯಲ್ಲಿ ಸೊಪ್ಪು ಬಿದ್ದಿದೆ ಅಕ್ಕಾವ್ರೇ, ಜಾರೀರಿ" ಅಂತಾನೆ. ಬುಟ್ಟಿ ತಗೊಂಡು ಹೋಗಿ ನೋಡ್ತೀನಿ, ಮರದ ರೆಂಬೆ! ಮೊನ್ನೆ ಉಗ್ರಾಣದಲ್ಲಿ ಧಾನ್ಯಕ್ಕೆ ಹುಳ ಬಿದ್ದಿರೋದು ನೋಡಿ "ಇದಕ್ಕೆ ಏನಾದ್ರೂ ಮಾಡಪ್ಪಾ" ಅಂದೆ. "ಹುಳಕ್ಕೆ ಹಾಕೋಕೆ ಒಂದು ಸೊಪ್ಪಿದೆ ಅಕ್ಕಾವ್ರೇ, ಚಿಗುರಲಿ, ತಂದುಕೊಡ್ತೀನಿ" ಅಂದ. ತಗೋ, ಇದು ನಿನ್ನ ಸಂಪಾದಕರಿಗೆ.

'ಸೊಪ್ಪು ಹಾಕು' ಯಾಕೆ ಅಂತ ಕೇಳಿದ್ದೀಯ. ನಿನಗೆ ನೆನಪಿದೆಯೋ ಇಲ್ವೋ, ಅಮ್ಮ ಸಾಕಿದ್ದ ಕರಿ ಮೇಕೆ. ಅದು ಅರಚಿದ್ರೆ ಅಮ್ಮ ಎದ್ದು ಹೋಗಿ ಒಂದು ಹಿಡಿ ಸೊಪ್ಪು ಹಾಕಿ ಬರ್ತಿದ್ದಳು. ಹೊಟ್ಟೆ ತುಂಬೋಕಲ್ಲ. ನೀನು ಕೂಗಿದ್ದು ನನಗೆ ಕೇಳಿಸ್ತು ಅನ್ನೋದಕ್ಕೆ. ನನಗೆ ತೋಚಿದ್ದು ಇಷ್ಟು.

ಬೆನ್ನು ಹಾಗೇ ಇದೆ. ಸಾಯಂಕಾಲದ ಹೊತ್ತಿಗೆ ನಾನೂ ಸೊಪ್ಪಾಗಿರ್ತೀನಿ. ಅದೂ ಒಂದು ಅರ್ಥ ಅಲ್ವಾ? ಪುಕ್ಕಟೆ ಕೊಟ್ಟಿದ್ದೀನಿ.

ಅಕ್ಕ

*

ಜನವರಿ 30

ಅಕ್ಕಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಕಚೇರಿಗೆ ಒಯ್ದು ಒಂಬತ್ತು ಚೀಟಿ ಮಾಡಿದೆ. 'ಅಂಗಡಿಯಲ್ಲಿ ಸೇರಲ್ಲ, ಆಸ್ಪತ್ರೆಯಲ್ಲಿ ಸೇರುತ್ತೆ' ಎನ್ನುವುದನ್ನು ಸಂಪಾದಕರು ಜೋರಾಗಿ ಓದಿ, "ಇವರನ್ನೇ ಇಲ್ಲಿ ಕೂರಿಸಿ ನಾವೆಲ್ಲ ಅಡುಗೆಗೆ ಹೋಗೋಣ" ಎಂದರು.

ಎರಡನೆಯ ಅರ್ಥ ಉಳಿಯಿತು. ಅದನ್ನು ಉಳಿಸಿದ್ದು ನಿಮ್ಮ ಮಾಲಿಯ ಮಾತು. ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: 'ಹುಳಕ್ಕೆ ಹಾಕೋಕೆ ಒಂದು ಸೊಪ್ಪಿದೆ, ಚಿಗುರಲಿ, ತಂದುಕೊಡ್ತೀನಿ. (ಮಾಲಿ, ಅಡುಗೆಯವರಿಗೆ ಹೇಳಿದ್ದು, ಈ ಜನವರಿ.)' ಮೂಲ ಕಾಗದವನ್ನು ಚೀಟಿಯ ಜೊತೆಗೇ ಇಡಬೇಕು ಎನ್ನುವುದು ನಮ್ಮ ನಿಯಮ. ಹಾಗಾಗಿ ನಿನ್ನ ಕಾಗದ ಈಗ ಡ್ರಾಯರಿನಲ್ಲಿದೆ. ಬೇಸರ ಇಲ್ಲವಷ್ಟೆ?

ಕರಿ ಮೇಕೆ ನನಗೆ ನೆನಪಿದೆ. ಅದಕ್ಕೊಂದು ಹೆಸರಿತ್ತೇ?

ತಮ್ಮ

*

ಮಾರ್ಚ್ 4

ಅಕ್ಕಾ,

ಒಂದು ತಿಂಗಳಿಂದ ಕಾಗದವಿಲ್ಲ. ಬೆನ್ನು ಹಿಡಿದುಕೊಂಡಿದೆಯೇ?

ಕಚೇರಿಯಲ್ಲಿ ಬಿಳಿ ಸುಣ್ಣ ಹೊಡೆಯುತ್ತಿದ್ದಾರೆ. ಡ್ರಾಯರುಗಳನ್ನೆಲ್ಲ ಕಾರಿಡಾರಿಗೆ ತಂದಿಟ್ಟಿದ್ದಾರೆ. ಅಲ್ಲೇ ಸ್ಟೂಲಿನ ಮೇಲೆ ಕೂತು 'ಸೊರಗು' ಮುಗಿಸಿದೆ. ಹೋಗಿಬರುವವರೆಲ್ಲ ನನ್ನನ್ನು ಟಪಾಲಿನವನು ಎಂದುಕೊಂಡು ಅರ್ಜಿ ಕೊಡಲು ಬರುತ್ತಾರೆ. 'ಸೊಪ್ಪು' ಅಚ್ಚಿಗೆ ಹೋಗಲು ಸಿದ್ಧವಿದೆ, ಎರಡೂ ಅರ್ಥಗಳೊಂದಿಗೆ.

ಒಂದು ಸಾಲಾದರೂ ಬರೆ.

ತಮ್ಮ

*

ಮಾರ್ಚ್ 9

ತಮ್ಮಾ,

ಪೇಪರಿನಲ್ಲಿ ಬಂದಿದೆಯಂತೆ. ನೀನು ಓದಿರಬಹುದು, ನಮ್ಮದು ಅಂತ ಗೊತ್ತಾಗಿರಲ್ಲ.

ಫೆಬ್ರವರಿ 27ರ ಮಧ್ಯಾಹ್ನದ ಊಟ. ಹತ್ತೊಂಬತ್ತು ಜನಕ್ಕೆ ವಾಂತಿ ಶುರುವಾಯ್ತು. ಮೂವರು ತೀರಿಕೊಂಡರು. ರೇಡಿಯೊ ಮೇಷ್ಟ್ರು, ಪ್ರತಿದಿನ ವಾರ್ತೆ ಕೇಳಿ ನಮಗೆಲ್ಲ ತಿರುಗಿ ಹೇಳ್ತಿದ್ದವರು. ಕುರ್ಚಿ ಹೆಣೆಯೋನು. ಇನ್ನೊಬ್ಬಳು ಬಂದು ಎಂಟೇ ದಿನ ಆಗಿತ್ತು, ಅವಳಿಗೆ ಖಾರ ಎಷ್ಟು ಬೇಕು ಅಂತ ನನಗಿನ್ನೂ ಗೊತ್ತಿರಲಿಲ್ಲ.

ಮಾಲಿ ಬೆಳಿಗ್ಗೆ ಅಡುಗೆಮನೆ ಬಾಗಿಲ ಹತ್ತಿರ ಒಂದು ಬುಟ್ಟಿ ಇಟ್ಟು ಹಲ್ಲು ಕೀಳಿಸೋಕೆ ಹೋಗಿದ್ದ. ಬುಟ್ಟಿಯಲ್ಲಿ ಚೀಟಿ ಇತ್ತು: 'ಸೊಪ್ಪು ತಂದಿಟ್ಟಿದ್ದೇನೆ. ಬಾಡುವ ಮುಂಚೆ ಹಾಕಿಬಿಡಿ.' ಎಳೇ ಎಲೆ. ನೋಡೋಕೆ ದಂಟಿನ ಸೊಪ್ಪಿನ ಹಾಗೇ. ಅವತ್ತು ಸೊಪ್ಪಿನವಳು ಬಂದಿರಲಿಲ್ಲ. ಹಾಕಿಬಿಡಿ ಅಂದ್ರೆ ನಾನು ಎಲ್ಲಿಗೆ ಹಾಕಲಿ? ಒಲೆ ಮೇಲೆ ಬೇಳೆ ಬೇಯ್ತಿತ್ತು. ಹಾಕಿದೆ.

ಜಗಲಿಯಲ್ಲಿ ಯಾವಾಗಿನ ಹಾಗೆ ಸೋಸಿದರು.

ಉಪ್ಪು ನೋಡೋಕೆ ನಾನೂ ಒಂದು ಚಮಚ ತಿಂದಿದ್ದೆ. ನನಗೇನೂ ಆಗಲಿಲ್ಲ. ಆಗಬೇಕಿತ್ತು.

ಅಡುಗೆಮನೆಗೆ ಬೀಗ ಹಾಕಿದ್ದಾರೆ. ಊಟ ಹೊರಗಿಂದ ಬರುತ್ತೆ. ವಿಚಾರಣೆ ಮಾಡೋಕೆ ಒಬ್ಬ ಅಧಿಕಾರಿ ಬರ್ತಾರಂತೆ.

ನೀನು ಬರಬೇಡ. ಫೋನು ಮಾಡಬೇಡ, ಅದು ನಿವಾಸ ನೋಡ್ಕೊಳ್ಳೋ ಮೇಡಂ ಮೇಜಿನ ಮೇಲಿದೆ.

ಅಕ್ಕ

*

ಮಾರ್ಚ್ 12

ಅಕ್ಕಾ,

ಏನು ಬರೆಯಬೇಕೋ ತಿಳಿಯದೆ ಎರಡು ಹಾಳೆ ಕೆಡಿಸಿದೆ. ಇದು ಮೂರನೆಯದು. ಆದ್ದರಿಂದ ಉಪಯೋಗಕ್ಕೆ ಬರುವುದನ್ನು ಮಾತ್ರ ಬರೆಯುತ್ತೇನೆ.

ನೀನು ಅಡುಗೆಯವಳು. ಅಡುಗೆಮನೆಯ ಬಾಗಿಲಲ್ಲಿ ಬುಟ್ಟಿ ಇಟ್ಟು 'ಸೊಪ್ಪು' ಎಂದು ಬರೆದರೆ ಅದು ತಿನ್ನುವ ಸೊಪ್ಪು. ಯಾರನ್ನು ಕೇಳಿದರೂ ಹೀಗೆಯೇ ಹೇಳುತ್ತಾರೆ. ಪದ ನಿನ್ನ ಪರವಾಗಿದೆ. ಅಧಿಕಾರಿ ಎಷ್ಟೇ ತಿರುಗಿಸಿ ಕೇಳಲಿ, ಈ ಒಂದು ಮಾತು ಬಿಡಬೇಡ. ಜಾಸ್ತಿ ಮಾತಾಡಬೇಡ. ನಿನಗೆ ಮಾತು ಜಾಸ್ತಿ.

ಜನವರಿಯಲ್ಲಿ ಯಾರಿಗೆ ಏನು ಹೇಳಿದ್ದೆ, ಯಾರು ನಿನಗೆ ಏನು ಹೇಳಿದ್ದರು ಎಂದು ಕೇಳಿದರೆ, ನೆನಪಿಲ್ಲ ಎನ್ನು. ದಿನಕ್ಕೆ ಐವತ್ತೆಂಟು ಜನರಿಗೆ ಬೇಯಿಸಿ ಹಾಕುವವಳಿಗೆ ಎರಡು ತಿಂಗಳ ಹಿಂದಿನ ಮಾತು ನೆನಪಿಲ್ಲದಿದ್ದರೆ ಅದು ಸುಳ್ಳಲ್ಲ.

ಹೊರಗಿನ ಊಟವಾದರೂ ಸರಿ, ನೀನು ತಿನ್ನು.

ತಮ್ಮ

*

ಮಾರ್ಚ್ 27

ತಮ್ಮಾ,

ಅಧಿಕಾರಿ ಬಂದು ಮೂರು ದಿನ ಇದ್ದರು. ಊಟದ ಹಾಲಿನಲ್ಲಿ ಮೇಜು ಹಾಕ್ಕೊಂಡು ಒಬ್ಬೊಬ್ಬರನ್ನೇ ಕರೆದರು. ಒಳ್ಳೆಯವರೇ. ಯಾರಿಗೂ ದನಿ ಎತ್ತಿ ಮಾತಾಡಲಿಲ್ಲ.

ನೀನು ಹೇಳಿದ್ದನ್ನೇ ಹೇಳಿದೆ. ಸೊಪ್ಪು ಅಂದ್ರೆ ತಿನ್ನೋ ಸೊಪ್ಪು. ಬರ್ಕೊಂಡರು.

ಆಮೇಲೆ ಮಾಲಿ ಬಂದ. ಹಲ್ಲು ಕಿತ್ತ ಕಡೆ ದವಡೆ ಇನ್ನೂ ಊದಿತ್ತು. "ಸ್ವಾಮಿ, ನಾನು ಸೊಪ್ಪು ಅಂತ ಬರೆದೆ, ಊಟಕ್ಕೆ ಅಂತ ಬರೀಲಿಲ್ಲ" ಅಂದ. "ಸೊಪ್ಪು ಅಂದ ಮೇಲೆ ಊಟಕ್ಕೇ ಅಲ್ಲವೇನಯ್ಯಾ?" ಅಂದರು ಅಧಿಕಾರಿ. ಇವನು ಅವರ ಜೇಬು ತೋರಿಸಿ, "ನಿಮ್ಮ ಜೇಬಲ್ಲಿರೋದೂ ಸೊಪ್ಪೇ ಅಲ್ವಾ ಸ್ವಾಮಿ? ಹೊಗೆಸೊಪ್ಪು. ಮನೆಯಲ್ಲಿ ಅಮ್ಮಾವ್ರು ಅದನ್ನ ಬೇಯಿಸಿ ಬಡಿಸ್ತಾರಾ?" ಅಂದ. ಬಾಗಿಲ ಹತ್ತಿರ ನಿಂತಿದ್ದವರೆಲ್ಲ ನಕ್ಕುಬಿಟ್ಟರು. ಮೂರು ಜನ ಸತ್ತ ಮನೆಯಲ್ಲಿ, ತಮ್ಮಾ. ಅಧಿಕಾರಿ ನಗಲಿಲ್ಲ. ಆ ನಗುವೇ ಅವನಿಗೆ ಮುಳುವಾಗುತ್ತೆ ಅಂತ ನನಗೆ ಆಗಲೇ ಅನ್ನಿಸ್ತು.

"ಅಕ್ಕಾವ್ರೇ ಕೇಳಿದ್ರು ಸ್ವಾಮಿ, ಹುಳಕ್ಕೆ ಅಂತ" ಅಂದ. ಅಧಿಕಾರಿ ನನ್ನ ಕಡೆ ತಿರುಗಿದರು. ನೆನಪಿಲ್ಲ ಅಂದೆ.

ಬೆರಳಜ್ಜಿಯನ್ನೂ ಕರೆದರು. ಆಮೇಲಿಂದ ಅವಳು ಜಗಲಿಯಲ್ಲಿ ಒಬ್ಬಳೇ ಕೂತಿರ್ತಾಳೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು. ಈಗ ಅಡುಗೆಮನೆ ತೆರೆದಿದೆ. ಆದ್ರೆ ಬೇರೆ ಹೆಂಗಸರು ಅವಳ ಮುಂದೆ ಸೊಪ್ಪು ಇಡಲ್ಲ. ಅವಳು ಮುಟ್ಟಿದ್ದು ಗೊತ್ತಾದ್ರೆ ಕೆಲವರು ತಟ್ಟೆಯನ್ನೇ ಪಕ್ಕಕ್ಕೆ ಸರಿಸ್ತಾರೆ. ಯಾವುದು ಏನು ಅಂತ ಅವಳು ಯಾರಿಗೂ ಹೇಳ್ತಿಲ್ಲ ಈಗ.

ಸೊಪ್ಪು ಅಂದ್ರೆ ಏನು ಅಂತ ನಿಘಂಟು ಕಚೇರಿಗೇ ಬರೆದು ಕೇಳ್ತೀನಿ ಅಂದರು ಅಧಿಕಾರಿ. ಅದು ನಿನ್ನ ಮೇಜಿಗೇ ಬರುತ್ತೆ. ನನ್ನ ತಮ್ಮ ಅಲ್ಲಿದ್ದಾನೆ ಅಂತ ನಾನು ಹೇಳಲಿಲ್ಲ.

ಜನವರಿಯಲ್ಲಿ ನಾನು ಬರೆದ ಕಾಗದ ಇನ್ನೂ ನಿನ್ನ ಡ್ರಾಯರಿನಲ್ಲಿದೆಯಾ? ಅದು ನನಗೆ ಬೇಕು.

ಅಕ್ಕ

*

ಏಪ್ರಿಲ್ 2

ಅಕ್ಕಾ,

ನೀನು ಕೇಳುವ ಮೊದಲೇ ಆ ಕೆಲಸ ಆಗಿದೆ. ಕಾಗದ ಡ್ರಾಯರಿನಲ್ಲಿಲ್ಲ. ಅದರ ಜೊತೆಗಿದ್ದ ಚೀಟಿಯೂ ಇಲ್ಲ. ಸುಣ್ಣ ಹೊಡೆಯುವಾಗ ಎಷ್ಟೋ ಚೀಟಿ ಕಳೆದುಹೋದವು, ಯಾರೂ ಕೇಳುವುದಿಲ್ಲ. ಈ ವಿಷಯ ಮತ್ತೆ ಕಾಗದದಲ್ಲಿ ಎತ್ತಬೇಡ.

ಅಧಿಕಾರಿಯ ಪತ್ರ ಮೊನ್ನೆ ಬಂತು. ಸಂಪಾದಕರು "ನಿಮ್ಮ ಪದ, ನೀವೇ ಉತ್ತರ ಬರೀರಿ" ಎಂದರು. ಬರೆದೆ. ಅದರ ಸಾಲುಗಳು ಇವು: 'ಇಂದಿನ ಬಳಕೆಯಲ್ಲಿ ಸೊಪ್ಪು ಎಂದರೆ ಅಡುಗೆಗೆ ಬಳಸುವ ಎಲೆ. ಯಾವುದೇ ಹಸಿರೆಲೆ ಎಂಬ ಅರ್ಥ ಹಳೆಯ ಪುಸ್ತಕಗಳಲ್ಲಿ ಕಂಡುಬರುತ್ತದೆ. ಅದಕ್ಕೆ ಇತ್ತೀಚಿನ ಆಧಾರ ನಮ್ಮ ಕಚೇರಿಯಲ್ಲಿ ಇಲ್ಲ.' ಇದರಲ್ಲಿ ಒಂದು ಪದವೂ ಸುಳ್ಳಲ್ಲ. ನಾನು ಉತ್ತರ ಬರೆಯಲು ಕೂತ ದಿನ ಕಚೇರಿಯಲ್ಲಿ ನಿಜವಾಗಿಯೂ ಅಂಥ ಆಧಾರ ಇರಲಿಲ್ಲ.

ನಮೂದನ್ನೂ ತಿದ್ದಿದೆ. ಎರಡನೆಯ ಅರ್ಥ ತೆಗೆದುಬಿಟ್ಟೆವು. ಸಂಪಾದಕರಿಗೆ ಮೊದಲಿನಿಂದಲೂ ಅದೇ ಬೇಕಿತ್ತು.

ನಿನ್ನ ಬೆರಳಜ್ಜಿಯ ವಿಷಯ ಓದಿ ಸಂಕಟವಾಯಿತು. ವಯಸ್ಸಾದ ಮೇಲೆ ಕಣ್ಣು ಕಿವಿಯ ಹಾಗೆ ಬೆರಳೂ ಮೋಸ ಮಾಡುತ್ತದೆ. ಅವಳನ್ನು ದೂರುವುದರಲ್ಲಿ ಅರ್ಥವಿಲ್ಲ.

ಇನ್ನು ನಿಶ್ಚಿಂತೆಯಿಂದಿರು.

ತಮ್ಮ

*

ಮೇ 6

ಅಕ್ಕಾ,

ನಿನ್ನಿಂದ ಸುದ್ದಿಯಿಲ್ಲ. ದಣಿದಿರುತ್ತೀಯ. ಉತ್ತರ ಬೇಡ, ಆರೋಗ್ಯವಾಗಿದ್ದೇನೆ ಎಂದು ಒಂದು ಕಾರ್ಡು ಹಾಕಿದರೆ ಸಾಕು.

ತಮ್ಮ

*

ಜೂನ್ 18

ಅಕ್ಕಾ,

ವರದಿ ಬಂದಿರುವುದನ್ನು ಪೇಪರಿನಲ್ಲಿ ಓದಿದೆ. ಒಳಪುಟದಲ್ಲಿ, ನಾಲ್ಕು ಸಾಲು. ಅಡುಗೆಯವರದ್ದು ತಪ್ಪಿಲ್ಲ, ತೋಟದವನ ಅಜಾಗರೂಕತೆ, ಅವನ ಬಂಧನ, ಆಗಸ್ಟಿನಲ್ಲಿ ಮೊಕದ್ದಮೆ. ಆ ನಾಲ್ಕು ಸಾಲನ್ನು ಕತ್ತರಿಸಿ ಇಟ್ಟುಕೊಂಡೆ. ಆಮೇಲೆ ಯಾಕೆ ಇಟ್ಟುಕೊಂಡೆ ಎಂದು ನನಗೇ ತಿಳಿಯಲಿಲ್ಲ.

ಎರಡೂವರೆ ತಿಂಗಳಾಯಿತು, ನೀನು ಒಂದು ಕಾರ್ಡೂ ಹಾಕಿಲ್ಲ. ಅಷ್ಟೆಲ್ಲ ಆದ ಮೇಲೆ ಪೆನ್ನು ಹಿಡಿಯುವುದು ಕಷ್ಟ ಎಂದು ಊಹಿಸುತ್ತೇನೆ. ಈಗ ಮುಗಿಯಿತಲ್ಲ, ವಿಶ್ರಾಂತಿ ತಗೋ.

ಪುಟದ ಕರಡು ಪ್ರತಿ ಬಂದಿದೆ. ಎರಡನೆಯ ಅರ್ಥ ತೆಗೆದದ್ದರಿಂದ ಮೂರು ಸಾಲು ಕಡಿಮೆಯಾಗಿ ಅಲ್ಲಿ ಖಾಲಿ ಬಿದ್ದಿತ್ತು. ಅಚ್ಚಿನವನು "ಏನು ಸಾರ್, ಹಲ್ಲು ಕಿತ್ತ ಹಾಗೆ ಕಾಣುತ್ತೆ" ಎಂದು ಸಾಲುಗಳ ನಡುವೆ ಜಾಗ ಬಿಟ್ಟು ತುಂಬಿಸಿದ. ಈಗ ಯಾರಿಗೂ ಗೊತ್ತಾಗುವುದಿಲ್ಲ. ನಾನು ಆ ಪುಟವನ್ನು ತಿರುವಿ ಹಾಕಿದಾಗಲೆಲ್ಲ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ.

ನನ್ನ ಊಟದ ವಿಷಯ ಕೇಳುತ್ತಿದ್ದೆಯಲ್ಲ. ಈಚೆಗೆ ಮೆಸ್ಸಿನಲ್ಲಿ ಸೊಪ್ಪು ಬಡಿಸಿದರೆ ಬೇಡ ಎನ್ನುತ್ತೇನೆ. ಡಾಕ್ಟರು ಬೇಡ ಎಂದಿದ್ದಾರೆ ಎಂದು ಸುಳ್ಳು ಹೇಳುತ್ತೇನೆ.

ಒಂದು ಸಾಲು ಬರೆ.

ತಮ್ಮ

*

ಜುಲೈ 5

ತಮ್ಮಾ,

ನಿನ್ನ ಮೂರು ಕಾಗದಕ್ಕೂ ಸೇರಿಸಿ ಇದೇ ಉತ್ತರ. ಪೂರ್ತಿ ಓದು. ಮಧ್ಯದಲ್ಲಿ ಪೆನ್ಸಿಲು ತಗೋಬೇಡ.

ಜನವರಿಯಲ್ಲಿ ನಾನು ಮಾಲಿಗೆ ಹೇಳಿದ್ದು ನನಗೆ ನಿಜವಾಗಲೂ ಮರೆತುಹೋಗಿತ್ತು. ಬುಟ್ಟಿ ನೋಡಿದಾಗಲೂ ನೆನಪಾಗಲಿಲ್ಲ, ಜನ ಬಿದ್ದಾಗಲೂ ಆಗಲಿಲ್ಲ. ನೆನಪು ಮಾಡಿಕೊಟ್ಟವನು ನೀನು. ಮಾರ್ಚಿನ ಕಾಗದದಲ್ಲಿ 'ಜನವರಿಯಲ್ಲಿ ಯಾರಿಗೆ ಏನು ಹೇಳಿದ್ದೆ ಎಂದು ಕೇಳಿದರೆ' ಅಂತ ಬರೆದೆಯಲ್ಲ. ಇವನು ಯಾಕೆ ಜನವರಿ ಅಂತಾನೆ ಅಂದುಕೊಂಡು ನಿನ್ನ ಹಳೇ ಕಾಗದ ತೆಗೆದು ನೋಡಿದೆ. ಅದರಲ್ಲಿ ನೀನು ಮಾಲಿಯ ಮಾತನ್ನ ಒಂದಕ್ಷರ ಬಿಡದೆ ಬರೆದಿದ್ದೆ. ಹುಳಕ್ಕೆ ಹಾಕೋಕೆ ಒಂದು ಸೊಪ್ಪಿದೆ. ಚಿಗುರಲಿ. ಅವನು ಒಂದೂವರೆ ತಿಂಗಳು ಕಾದು, ಚಿಗುರಿದ ಮೇಲೆ, ಮರೆಯದೆ ತಂದಿಟ್ಟು ಹೋಗಿದ್ದಾನೆ. ನಾನೇ ಕೇಳಿದ್ದೆ, ನಾನೇ ಮರೆತೆ.

ಅಷ್ಟು ಗೊತ್ತಿದ್ದೂ ಅಧಿಕಾರಿ ಮುಂದೆ ನೆನಪಿಲ್ಲ ಅಂದೆ. ಅದು ನಿನ್ನ ತಪ್ಪಲ್ಲ. ನಾಲಿಗೆ ನನ್ನದು.

ಅವತ್ತು ರಾತ್ರಿ ಊಟ ಸೇರಲಿಲ್ಲ. ಅದಕ್ಕೇ ನಿನ್ನ ಹತ್ತಿರ ನನ್ನ ಕಾಗದ ಕೇಳಿದ್ದು. ಅಧಿಕಾರಿಗೆ ಕೊಡೋಕೆ; ನಿನ್ನದರಲ್ಲಿ ಮಾಲಿಯ ಮಾತಷ್ಟೇ ಇದೆ, ನಾನು ಕೇಳಿದ್ದು ಇಲ್ಲ. ಬಾಯಲ್ಲಿ ಹೇಳೋಕೆ ಧೈರ್ಯ ಇರಲಿಲ್ಲ, ಕಾಗದ ಕೊಟ್ಟು ಬಂದುಬಿಡೋಣ ಅಂದುಕೊಂಡಿದ್ದೆ. ನೀನು ಅದನ್ನ ಮುಚ್ಚಿಡೋಕೆ ಕೇಳಿದಳು ಅಂದುಕೊಂಡೆ. ನನ್ನ ಬಗ್ಗೆ ನೀನು ಹಾಗೆ ಅಂದುಕೊಂಡೆಯಲ್ಲ ಅಂತ ಮೂರು ದಿನ ನಿನ್ನ ಮೇಲೆ ಸಿಟ್ಟಿತ್ತು. ಆಮೇಲೆ, ನೀನು ಅಂದುಕೊಂಡಿದ್ದೇ ಸರಿ ಅಂತ ನಾನೂ ಮೂರು ತಿಂಗಳು ಸುಮ್ಮನೆ ಕೂತೆ.

ಬೆರಳಜ್ಜಿ ವಿಷಯ ನಿನಗೆ ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಅವತ್ತು ಬುಟ್ಟಿ ಸುರಿದಾಗ ಜಗಲಿಯಲ್ಲಿ ಇನ್ನೂ ಅವಳೊಬ್ಬಳೇ ಇದ್ದಳು, ಮೊದಲ ಹಿಡಿ ಅವಳ ಕೈಗೇ ಹೋಗಿದ್ದು. "ಇದು ತಿನ್ನೋ ಸೊಪ್ಪಲ್ಲ ಕಣಮ್ಮಾ" ಅಂದಳು. ನಾನು ಬೇಳೆ ಉಕ್ಕುತ್ತೆ ಅಂತ ಒಳಗೆ ಓಡ್ತಿದ್ದೆ. "ಅಜ್ಜೀ, ಮಾಲಿ ಚೀಟಿ ಬರೆದಿಟ್ಟಿದ್ದಾನೆ" ಅಂದೆ. "ಚೀಟಿ ಓದೋಕೆ ನನಗೆ ಬರಲ್ಲ, ಎಲೆ ಓದೋಕೆ ಬರುತ್ತೆ. ಬೆನ್ನಲ್ಲಿ ರೋಮ ಇದೆ ನೋಡು" ಅಂದಳು. ನಾನೇನಂದೆ ಗೊತ್ತಾ? "ನಿನ್ನ ಬೆರಳಿಗೂ ವಯಸ್ಸಾಯ್ತು ಬಿಡು." ನಾನು ನಕ್ಕೆ. ಅವಳೂ ನಕ್ಕಳು. ನಕ್ಕು ಸೋಸಿಕೊಟ್ಟಳು. ಹನ್ನೆರಡು ವರ್ಷ ನಾನು ಬೇಯಿಸಿದ್ದನ್ನ ತಿಂದವಳು, ನನ್ನ ಮಾತು ನಂಬಿದಳು.

ಏಪ್ರಿಲ್‌ನಲ್ಲಿ ನೀನೂ ಅದನ್ನೇ ಬರೆದೆ. ವಯಸ್ಸಾದ ಮೇಲೆ ಬೆರಳೂ ಮೋಸ ಮಾಡುತ್ತದೆ ಅಂತ. ನೀನು ಗೊತ್ತಿಲ್ಲದೆ ಬರೆದೆ.

ಅಧಿಕಾರಿ ಅವಳನ್ನ ಕರೆದಾಗ ನಾನು ಗೋಡೆಗೆ ಒರಗಿ ನಿಂತಿದ್ದೆ. ಈಗ ಹೇಳ್ತಾಳೆ, ನನ್ನ ಕಥೆ ಮುಗೀತು ಅಂದುಕೊಂಡೆ. "ಸೋಸಿದ್ದು ನೀವೇನಾ?" ಅಂದರು. "ನಾನೇ ಸ್ವಾಮಿ." "ಏನೂ ಗೊತ್ತಾಗಲಿಲ್ವಾ?" ಅಂದರು. ಅವಳು ನಾನು ನಿಂತಿದ್ದ ಕಡೆಗೇ ಮುಖ ತಿರುಗಿಸಿದಳು, ನನ್ನ ಉಸಿರು ಕೇಳಿಸಿತೋ ಏನೋ. "ಕಣ್ಣಿಲ್ಲದವಳಿಗೆ ಏನು ಗೊತ್ತಾಗುತ್ತೆ ಸ್ವಾಮಿ" ಅಂದಳು. ಅಷ್ಟೇ. ಅವಳಿಗೆ ಇದ್ದದ್ದು ಆ ಬೆರಳಿನ ಹೆಸರೊಂದೇ. ಅದನ್ನ ನನಗೋಸ್ಕರ ಅಲ್ಲಿ ಬಿಟ್ಟು ಎದ್ದು ಬಂದಳು. ಅವತ್ತಿಂದ ಅವಳನ್ನೂ ಕೈ ಹಿಡಿದೇ ನಡೆಸ್ತಾರೆ.

ಹೋದ ವಾರ ಜೈಲಿಗೆ ಹೋಗಿ ಮಾಲಿಯನ್ನ ನೋಡಿದೆ. ಬೈತಾನೆ ಅಂದುಕೊಂಡಿದ್ದೆ. "ಬಿಡಿ ಅಕ್ಕಾವ್ರೇ" ಅಂದ. "ವರದಿ ಓದಿ ಹೇಳಿದರು. ನಾನು ಆಡೋ ಮಾತು ಈಗ ಯಾರೂ ಆಡಲ್ವಂತೆ. ಬರೀ ಪುಸ್ತಕದಲ್ಲಿದೆಯಂತೆ. ನಾನು ಪುಸ್ತಕ ಓದಿದವನಲ್ಲ, ಎಲ್ಲಿಂದ ಕಲಿತೆ ಅಂತ ನನಗೇ ಗೊತ್ತಿಲ್ಲ." ನನ್ನನ್ನ ಸಮಾಧಾನ ಮಾಡೋಕೆ ನೋಡಿದ, ತಮ್ಮಾ. ಮಾತಾಡುವಾಗ ದವಡೆ ಹಿಡ್ಕೋತಾನೆ. ಇನ್ನೊಂದು ಹಲ್ಲೂ ಹೋಗಿದೆ.

ಅಲ್ಲಿಂದ ಸೀದಾ ಅಧಿಕಾರಿಯ ಕಚೇರಿಗೆ ಹೋದೆ. ಎಲ್ಲ ಹೇಳಿದೆ. ಬರೆದುಕೊಂಡು ಸಹಿ ಹಾಕಿಸಿಕೊಂಡರು. "ಜನವರಿಯಲ್ಲಿ ಹೀಗೆ ಮಾತಾಯಿತು ಅನ್ನೋದಕ್ಕೆ ಪುರಾವೆ ಏನು? ಪಾಪ ಅಂತ ಅವನನ್ನ ಬಿಡಿಸೋಕೆ ಹೇಳ್ತಿರಬಹುದಲ್ಲ ನೀವು" ಅಂದರು. ಪುರಾವೆ ನಿಘಂಟು ಕಚೇರಿಯಲ್ಲಿದೆ, ಅಲ್ಲಿ ಇರೋನು ನನ್ನ ತಮ್ಮ ಅಂದೆ. ನಿನ್ನ ಜನವರಿ ಕಾಗದ ತೋರಿಸಿದೆ, ಮೂಲವೇ ಬೇಕು ಅಂದರು. ಜೇಬಿಗೆ ಕೈ ಹಾಕಿ, ಮತ್ತೆ ತೆಗೆದರು.

ಕಾಗದ ಕಳೆದುಹೋಯಿತು ಅಂತ ಬರೆದಿದ್ದೀಯ. ಚಿಕ್ಕಂದಿನಿಂದ ಒಂದು ಬಸ್ ಟಿಕೆಟನ್ನೂ ಎಸೆದವನಲ್ಲ ನೀನು. ಅದು ಎಲ್ಲಿದೆ ಅಂತ ನಿನಗೆ ಗೊತ್ತು. ಅವರು ಹತ್ತನೇ ತಾರೀಖು ಬರ್ತಾರೆ. ಅದಕ್ಕೆ ಮುಂಚೆ ಅದನ್ನ ಇದ್ದ ಜಾಗದಲ್ಲಿ ಇಡು, ಇಲ್ಲ ಅವರ ಕೈಗೆ ಕೊಡು. ನಿನ್ನ ಕೆಲಸ ಹೋಗಬಹುದು. ಗೊತ್ತಿದ್ದೇ ಹೇಳ್ತಿದ್ದೀನಿ. ನಾನು ಆಗಸ್ಟಿನಲ್ಲಿ ಎಲ್ಲಿರ್ತೀನೋ ಗೊತ್ತಿಲ್ಲ, ಈ ವಿಳಾಸಕ್ಕೆ ಇನ್ನು ಬರೀಬೇಡ.

ಮೇಕೆಗೆ ಹೆಸರಿತ್ತೇ ಅಂತ ಕೇಳಿದ್ದೆ. ಇರಲಿಲ್ಲ. ಕೂಗಿದ್ರೆ ಅಮ್ಮನಿಗೆ ಗೊತ್ತಾಗ್ತಿತ್ತು, ಅಷ್ಟೇ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೀನಿ. ನಿಮ್ಮ ಅಳತೆಗೇ ಕತ್ತರಿಸಿದ್ದೀನಿ, ಡ್ರಾಯರಿಗೆ ಸರಿಹೋಗುತ್ತೆ. ಯಾರಾದ್ರೂ ಸೊಪ್ಪು ಹಾಕಿದ ಉದಾಹರಣೆ ಒಂದು ಬೇಕು ಅಂದಿದ್ದೆ. ಕ್ಷಮಿಸು, ನನ್ನ ಹತ್ತಿರ ಇರೋದೂ ಅದೇ ಥರದ್ದು. ನಿನಗೆ ಈಗ ಇಪ್ಪತ್ತು ಆಯ್ತು.

ಅಕ್ಕ

*

ಸೊಪ್ಪು ಹಾಕು: ಇದು ತಿನ್ನೋ ಸೊಪ್ಪಲ್ಲ ಅಂತ ಅಜ್ಜಿ ಹೇಳಿದಳು. ನಾನು ಸೊಪ್ಪು ಹಾಕಲಿಲ್ಲ. (ಅಡುಗೆಯವಳು, ತಾನೇ ಹೇಳಿದ್ದು; ಈ ಜುಲೈ.)